ಶೇಂಗಾನ ಕಟಗಿ ಮನಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಬಾಗಲಕೋಟಿ ನವನಗರದಾಂವ, ಬಡಿಗೇರ ಮನಿತನ ನಮ್ದು, ನಮ್ಮ ಅಪ್ಪ ಹಳೇ ಬಾಗಲಕೋಟ್ಯಾಗ ಚಕ್ಕಡಿ ಗಾಲಿ, ಕೂರಗಿ, ಬಾಗಲಾ ಚೌಕಟ್ಟು ಮಾಡ್ಕೋತ ನಮ್ಮನ್ನೆಲ್ಲಾ ಸಾಕಿದಾಂವ, ನಾನೂ ಅದ ಕಸಬಿನ್ಯಾಗ ಅದೇನಿ, ಈಗೇನ ಮಾಡ್ಯುಲರ್ ಕಿಚನ್ನು, ವಾರ್ಡ್‌ರೋಬು ಇಂಥಾ ಕೆಲಸಾನ ಜಾಸ್ತಿ. ಇವತ್ತ ನಾನು ಹೇಳಾಕ ಬಂದಿರೋದು ಭಾಳ ಸಣ್ಣ ಮನಿ ಬಗ್ಗೆ. ಬೊಗಸ್ಯಾಗ ಹಿಡಿಯುವಂಥ ಒಂದು ಪ್ರಾಣಿ, ಹ್ಯಾಮ್ಸ್ಟರ್ ಅಂತಾರಲ್ರಿ, ನೋಡಾಕ ಬಾಲಾ ಇಲ್ಲದ ಇಲಿ ಹಂಗ, ಎರಡೂ ಗಲ್ಲದಾಗ ಕಾಳು ತುಂಬಕೊಂಡು ರಾತ್ರೆಲ್ಲಾ ಓಡಾಡತೈತಿ, ಅದಕ್ಕ ಕಟಗಿ ಮನಿ ಮಾಡೋದು ಹೆಂಗ, ಯಾವ ಕಟಗಿ ತಗೋಬೇಕು, ಯಾವುದು ಬ್ಯಾಡ, ಇಷ್ಟು ಹೇಳ್ತೀನಿ. ಈಗ ನಮ್ಮ ಕಡೇನೂ ಹುಡುಗೂರು ಇದನ್ನ ಸಾಕಾಕತ್ತಾವ, ನನ್ನ ಅಂಗಡಿಗೆ ಬಂದು ಅಣ್ಣಾರ ಒಂದ ಸಣ್ಣ ಮನಿ ಮಾಡಿಕೊಡ್ರಿ ಅಂತ ಕೇಳೋರೂ ಅದಾರ, ಅವರಿಗೆಲ್ಲಾ ಒಬ್ಬೊಬ್ಬರಿಗೆ ಹೇಳೋದನ್ನ ಇಲ್ಲಿ ಒಮ್ಮೆಲೆ ಹೇಳಿಬಿಡ್ತೀನಿ.

ನಮ್ಮ ಮನಿಗೆ ಇದು ಬಂದಿದ್ದು ನನ್ನ ತಂಗಿಯಿಂದ. ಬೆಳಗಾವ್ಯಾಗ ಇರತಾಳ ಅಕಿ, ನನ್ನ ಮಗಳ ಬರ್ತಡೇಕ್ಕ ಒಂದು ಹೆಣ್ಣ ಹ್ಯಾಮ್ಸ್ಟರ್ ತಂದ ಕೊಟ್ಟಳು. ಬಣ್ಣ ಹುರದ ಶೇಂಗಾ ಹಂಗ ಇತ್ತಂತ ಮಗಳು ಅದಕ್ಕ ಶೇಂಗಾ ಅಂತನ ಹೆಸರಿಟ್ಟಳು. ಎರಡ ದಿನಾ ಆಗಿರಲಿಲ್ಲ, ಪಪ್ಪಾ ನೀ ಊರ ಮಂದಿಗೆಲ್ಲಾ ಮಾಡಿಕೊಡ್ತಿ, ಇದಕ್ಕೊಂದ ಮನಿ ಮಾಡು ಅಂತ ಗಂಟ ಬಿದ್ದಳು. ನಾನೂ ಭಾಳ ಆಸೆಲೆ ಮಾಡಿದೆ. ಉಳದ ಪ್ಲೈವುಡ್ ತುಂಡಿನ್ಯಾಗ ಎರಡ ಅಂತಸ್ತು, ನಿಚ್ಚಣಿಕಿ, ಬಾಲ್ಕನಿ, ನಾಕೂ ಕಡೆ ಕಿಡಕಿ, ತಳಕ್ಕ ಗಟ್ಟಿ ಹಲಗಿ, ಮ್ಯಾಲ ಪಾಲಿಶು. ಮಗಳು ಕುಣದಾಡಿದಳು. ಆದ್ರ ಶೇಂಗಾ ಅದರಾಗ ಒಂದ ರಾತ್ರಿ ಸೈತ ಮಲಗಲಿಲ್ಲ. ಮೂಲ್ಯಾಗ ಪೇಪರ್ ಚೂರು ಗುಡ್ಡಿ ಮಾಡಿಕೊಂಡು ಅದರ ಬುಡಕ ಮಲಗೋದು, ಎದ್ದಾಗ ಬಂದು ಕಿಡಕಿ ಅಂಚು ಕಡಿಯೋದು. ತಳದ ಹಲಗಿ ಉಚ್ಚಿ ಕುಡದು ನಾಕನೇ ದಿನಕ್ಕ ಉಬ್ಬಿ ನಾರಾಕ ಹತ್ತಿತು. ಪಶು ಡಾಕ್ಟರ ಹತ್ರ ಒಯ್ದು ತೋರಿಸಿದಾಗ ಅವರು ಮೊದಲು ಕೇಳಿದ್ದು ಶೇಂಗಾನ ಬಗ್ಗೆ ಅಲ್ಲ, ಮನಿ ಯಾವುದರಿಂದ ಮಾಡೀರಿ ಅಂತ. ಅವತ್ತಿಂದ ನಾನು ಇದನ್ನ ಕಲಿಯಾಕ ಚಾಲೂ ಮಾಡಿದೆ.

ಮೊದಲು ಈ ಪ್ರಾಣಿ ಎಲ್ಲಿದು ಅಂತ ತಿಳಕೋಬೇಕ್ರಿ. ಈ ಬಂಗಾರ ಬಣ್ಣದ ಹ್ಯಾಮ್ಸ್ಟರ್ ಸಿರಿಯಾ ದೇಶದ್ದು. 1930ರಾಗ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರದವರು ಅಲೆಪ್ಪೊ ಊರ ಹತ್ರ ಒಂದು ಗೋದಿ ಹೊಲದಾಗ ನೆಲ ಅಗಿಸಿ ತಾಯಿ ಮರಿ ಎಲ್ಲಾ ಕೂಡೇ ತಗಸಿದ್ರು, ಇವತ್ತ ಮನಿಮನ್ಯಾಗ ಸಾಕೋ ಈ ಜಾತಿಯವು ಹೆಚ್ಚುಕಡಿಮಿ ಎಲ್ಲಾನೂ ಆ ಒಂದ ಬಿಲದ ಸಂತಾನ. ಆಮ್ಯಾಲ ಸಂಶೋಧಕರು ಅದ ಸೀಮ್ಯಾಗ ಬಿಲ ಅಳದ ನೋಡ್ಯಾರ, 36 ಸೆಂಟಿಮೀಟರ್‌ದಿಂದ ಹಿಡದು 106 ಸೆಂಟಿಮೀಟರ್ ತನಕ ಆಳ, ಒಂದೊಂದು ಬಿಲದಾಗ ದೊಡ್ಡ ಹ್ಯಾಮ್ಸ್ಟರ್ ಒಂದ ಒಂದು. ಹೊಲದ ನೆಲದಾಗ ಮೂರಡಿ ಕೆಳಗ ಕತ್ತಲದಾಗ ಒಬ್ಬಾಕೆನ ಇರೋ ಜೀವಕ್ಕ ನಾನು ಬಾಲ್ಕನಿ ಮಾಡಿ ಕೊಟ್ಟಿದ್ದೆ ನೋಡ್ರಿ. ಅದಕ್ಕ ಬೇಕಾಗಿದ್ದು ಕತ್ತಲಿ, ಕಾಲ ಕೆಳಗ ಅಗಿಯಾಕ ಬರುವಂಥ ಪೇಪರ್ ಚೂರಿನ ದಪ್ಪ ಹಾಸಿಗಿ, ಮತ್ತ ತನ್ನ ಕಾಳು ಇಟ್ಟಕೊಳ್ಳಾಕ ಒಂದು ಉಗ್ರಾಣ. ನಮ್ಮ ಹಳೇ ಮನ್ಯಾಗ ಜ್ವಾಳದ ಹಗೇವು ಇರತಿದ್ದುವಲ್ಲ, ನೆಲದ ಬುಡಕ, ಹಂಗ. ಅಂದಮ್ಯಾಲ ನಾವು ಮಾಡೋ ಕಟಗಿ ಮನಿ ಅಂದ್ರ ಪೂರಾ ಮನಿ ಅಲ್ಲ, ಆ ಹಗೇವಿನ ಮ್ಯಾಗಿನ ಪಡಸಾಲಿ ಅಷ್ಟ. ಇದೊಂದು ತಲ್ಯಾಗ ಕುಂತ ಮ್ಯಾಲ ಅಳತಿ ಎಲ್ಲಾ ತಾನ ಸರಿ ಬರತಾವ. ಹಂಗ ಜೋಡಿ ಇರಲಿ ಅಂತ ಎರಡನ್ನ ಒಂದ ಮನ್ಯಾಗ ಬಿಡಬ್ಯಾಡ್ರಿ, ಈ ಸಿರಿಯನ್ ಜಾತಿಯವು ದೊಡ್ಡವಾದ ಮ್ಯಾಲ ಒಂದಕ್ಕೊಂದು ಕಚ್ಚಾಡಿ ಸಾಯತಾವ.

ಇನ್ನ ಕಟಗಿ. ಇಲ್ಲೇ ಮಂದಿ ಜಾಸ್ತಿ ತಪ್ಪತಾರ. ಹ್ಯಾಮ್ಸ್ಟರ್ ಮುಂದಿನ ಹಲ್ಲು ಸಾಯೂತನಾ ಬೆಳೀತಾನ ಇರತಾವ, ಅದಕ್ಕ ಅದು ಸಿಕ್ಕಿದ್ದನ್ನೆಲ್ಲಾ ಕಡೀತೈತಿ, ಮನಿ ಅನ್ನೋದು ಅದಕ್ಕ ಮನೀನೂ ಹೌದು ಬಾಯಾಗಿನ ತುತ್ತೂ ಹೌದು. ಕಮರ್ಷಿಯಲ್ ಪ್ಲೈವುಡ್ಡು, ಎಂಡಿಎಫ್ಫು ಅಂದ್ರ ಕಟಗಿ ನಾರು ಒತ್ತಿ ಮಾಡಿದ ಹಲಗಿ, ಇವುದರಾಗ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರತೈತಿ, ಹೊಸಾ ವಾರ್ಡ್‌ರೋಬ್ ಬಾಗಲಾ ತಗದ ಕೂಡ್ಲೆ ಕಣ್ಣು ಉರೀತಾವಲ್ರಿ, ಅದು ಈ ಅಂಟಿನ ಗ್ಯಾಸು. ನಮ್ಮಂಥ ದೊಡ್ಡ ಮನಶಾರಿಗೇ ಹಂಗ ಆಗೋದಾದ್ರ 150 ಗ್ರಾಮಿನ ಜೀವ ಮುಚ್ಚಿದ ಡಬ್ಬ್ಯಾಗ ಮೂಗು ಇಟ್ಟು ದಿನಕ್ಕ ಹತ್ತು ಹನ್ನೆರಡು ತಾಸು ಮಲಗತೈತಿ, ಅದರ ಗತಿ ಏನು. ನಾ ಮಾಡಿದ ಮೊದಲನೇ ಮನಿ ಅವತ್ತ ಒಡದ ಹಾಕಿದೆ.

ನನ್ನ ಹತ್ರ ಒಂದು ಸಾಗವಾನಿ ಹಲಗಿ ಇತ್ತು. ಆಲಮಟ್ಟಿ ನೀರು ಬಂದು ಹಳೇ ಬಾಗಲಕೋಟಿ ಮುಳಗೋ ಮುಂದ ನಮ್ಮ ಅಪ್ಪ ಮನಿ ಬಾಗಲಾ ಬಿಚ್ಚಿಕೊಂಡು ನವನಗರಕ್ಕ ತಂದಿದ್ದ, ಅದರ ಒಂದು ಹಲಗಿ. ಇದರಾಗ ಮಾಡಿದ್ರ ಅಜ್ಜನ ಮನಿ ಕಟಗಿ ಮೊಮ್ಮಗಳ ಹ್ಯಾಮ್ಸ್ಟರಿಗೆ ಬಂದಂಗ ಆಗತೈತಿ ಅಂತ ಮನಸಿನ್ಯಾಗ ಭಾಳ ಬಂತು. ಮಾಡಲಿಲ್ಲ. ಸಾಗವಾನಿ ಹೊಟ್ಟು ನಮಗ ಬಡಿಗ್ಯಾರಿಗೇ ಮೈ ಕೆರತ ತರತೈತಿ, ಎಣ್ಣಿ ಕಟಗಿ ಅದು, ಮ್ಯಾಲ ಅದಕ್ಕ ವರ್ಷಾನಗಟ್ಟಲೆ ಗೆದ್ದಲಿ ಎಣ್ಣಿ ಬಳದಿದ್ರು, ಹಳೇ ಆಯಿಲ್ ಪೇಂಟಿನ್ಯಾಗ ಸೀಸಾನೂ ಇರತೈತಿ. ಹಳೇ ಬಾಗಲಾ ಚೌಕಟ್ಟು ಕೆಡವಿದ ಕಟಗಿ ಎಷ್ಟ ಚಂದ ಕಂಡರೂ ಈ ಕೆಲಸಕ್ಕ ಬ್ಯಾಡ್ರಿ.

ದೇವದಾರು ಅಂತೂ ಬ್ಯಾಡೇ ಬ್ಯಾಡ, ಅದರ ಘಮ ನಮಗ ಚಂದ, ಆ ಘಮದಾಗಿನ ಎಣ್ಣಿನ ಇದರ ಶ್ವಾಸಕ್ಕ ಮುಳ್ಳು. ಹಸೀ ಪೈನ್ ಕಟಗೀದೂ ಅದ ಕತಿ, ರಾಳ ಇರತೈತಿ. ಬೆಳಗಾವಿ ಉದ್ಯಮಬಾಗ ಕಡೆ ಹೋದ್ರ ಸಾಮಾನು ಹೇರೋ ಕಟಗಿ ಚೌಕಟ್ಟು, ಪ್ಯಾಕಿಂಗ್ ಪ್ಯಾಲೆಟ್ ಅಂತಾರಲ್ಲ, ಸೋವಿ ರೇಟಿನ್ಯಾಗ ಸಿಗತಾವ, ಅವು ಹೆಚ್ಚಾಗಿ ಪೈನೇ. ಅದರ ಮ್ಯಾಲ ಗೋದಿ ತೆನಿ ಗುರತಿನ ಒಂದು ಮುದ್ರಿ ಇರತೈತಿ, ಬಾಜೂಕ ಎಚ್‌ಟಿ ಅಂತ ಇದ್ರ ಕಟಗಿ ನಡುವಿನ ತನಕ 56 ಡಿಗ್ರಿ ಬಿಸಿ 30 ನಿಮಿಷ ಕೊಟ್ಟಾರ ಅಂತ, ಎಂಬಿ ಅಂತ ಇದ್ರ ಮೀಥೈಲ್ ಬ್ರೋಮೈಡ್ ವಿಷದ ಗ್ಯಾಸ್ ಹೊಡದಾರ ಅಂತ. ಎಂಬಿ ಇದ್ದದ್ದು ಮುಟ್ಟಬ್ಯಾಡ್ರಿ. ಎಚ್‌ಟಿ ಇದ್ರೂ ಆ ಬಿಸಿ ಹುಳಾ ಸಾಯಾಕಷ್ಟ, ರಾಳ ಹೋಗಾಕಲ್ಲ, ಮತ್ತ ಫ್ಯಾಕ್ಟರಿ ನೆಲದಾಗ ಬಿದ್ದು ಆಯಿಲ್ ಕುಡದಿರತಾವ, ನಾನಂತೂ ತರಂಗಿಲ್ಲ.

ವಿಜಯಪುರ ಕಡೆ ಗೆಳ್ಯಾ ಒಬ್ಬಾಂವ ದ್ರಾಕ್ಷಿ ಕಡ್ಡಿ ಕಳಸ್ತೀನಿ ಅಂದ, ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಮಾಡಿದ ಮ್ಯಾಲ ರಾಶಿ ರಾಶಿ ಬಿದ್ದಿರತಾವ, ಕಡಿಯಾಕ ಛಲೋ ಅಂತ. ದ್ರಾಕ್ಷಿ ಕಡ್ಡಿ ತಾನು ಕೆಟ್ಟದ್ದಲ್ಲ, ಆದ್ರ ನಮ್ಮ ಕಡೆ ದ್ರಾಕ್ಷಿ ಪಡಕ್ಕ ಬೋರ್ಡೊ ಅನ್ನೋ ಮೈಲುತುತ್ತ ಸುಣ್ಣದ ಔಷಧ ಹೊಡೀತಾರ, ಅಕ್ಟೋಬರ್ ಚಾಟ್ನಿ ಆದಮ್ಯಾಲ ಚಿಗುರು ಕಣ್ಣ ಒಡೀಲಿ ಅಂತ ಹೈಡ್ರೋಜನ್ ಸೈನಮೈಡ್ ಅನ್ನೋ ವಿಷದ ರಾಸಾಯನಿಕ ಬಳೀತಾರ, ಆ ಕಡ್ಡಿ ಹೆಂಗ ಕೊಡೋದ್ರಿ ಅದಕ್ಕ. ಲಿಂಬಿ ಕಡ್ಡಿ, ನೀಲಗಿರಿ, ಕಣಗಲ ಇವೂ ಬ್ಯಾಡ, ಕಣಗಲ ಅಂತೂ ವಿಷಾನ. ಮಾವಿನ ಸೊನಿ ಹತ್ತಿದ್ರ ನಮ್ಮ ಮೈಯಾಗ ಗುಳ್ಳಿ ಏಳತಾವ, ಅದಕ್ಕ ಅದನ್ನೂ ನಾ ಬಿಟ್ಟೆ. ರಬ್ಬರ್ ವುಡ್ ನೋಡಾಕ ಬೆಳ್ಳಗ ಚಂದ, ಆದ್ರ ಹುಳಾ ಹತ್ತಬಾರದಂತ ಬೋರಾಕ್ಸ್ ಮದ್ದು ಕುಡಿಸಿರತಾರ. ಗೋಕಾಕದ ಕಟಗಿ ಆಟಿಗಿ ಸಾಮಾನು ನಮ್ಮ ಸೀಮಿ ಹೆಮ್ಮೆ, ಆದ್ರ ಅದರ ಮ್ಯಾಲ ಬಣ್ಣ ಐತಿ, ಮಕ್ಕಳು ಅವನ್ನ ಪಂಜರದೊಳಗ ಇಡದಂಗ ನೋಡಕೋರಿ.

ಹಂಗಾರ ಯಾವುದು ಒಳ್ಳೇದು ಅಂದ್ರ, ನಾನು ಬಳಸೋದು ಬೀಚ್ ಕಟಗಿ, ದೊಡ್ಡ ಟಿಂಬರ್ ಅಂಗಡ್ಯಾಗ ಸಿಗತೈತಿ, ರಾಳ ಇಲ್ಲ, ವಾಸನಿ ಇಲ್ಲ, ಗಟ್ಟಿ. ಪಾಪ್ಲರ್ ಹಲಗಿ ಸಿಕ್ಕರ ಅದೂ ಛಲೋ, ಹಗುರ. ಕಡಿಯಾಕ ಮಾತ್ರ ನಮ್ಮ ಹಿತ್ತಲದಾಗಿನ ಪ್ಯಾರಲ ಗಿಡದ ಕಡ್ಡಿ ಕೊಡತೀನಿ, ಅದಕ್ಕ ಎಂದೂ ಹುಳದ ಎಣ್ಣಿ ಹೊಡದಿಲ್ಲ ಅಂತ ನನಗ ಗೊತ್ತೈತಿ.

ಇನ್ನ ಮನಿ ಮಾಡೋದು. ಇದು ಹ್ಯಾಮ್ಸ್ಟರ್ ಸಾಕೋ ದೊಡ್ಡ ಪೆಟ್ಟಿಗಿ ಒಳಗ ಇಡೋ ಮನಿ. ನಾಕ ಸೂತಿನ ಹಲಗಿ, ಅಂದ್ರ ಅರ್ಧಾ ಇಂಚು. ಒಂದಡಿ ಉದ್ದ, ಹತ್ತ ಇಂಚು ಅಗಲ, ಐದಾರು ಇಂಚು ಎತ್ತರ, ಒಳಗ ಮೂರು ಖೋಲಿ, ಒಂದು ಮಲಗಾಕ, ಒಂದು ಕಾಳಿಗೆ, ಒಂದರಾಗ ಸಣ್ಣ ಬಟ್ಟಲದಾಗ ಉಸುಕು ಇಟ್ರ ಅದು ಅಲ್ಲೇ ಉಚ್ಚಿ ಹೊಯ್ಯೋದು ರೂಢಿ ಮಾಡಕೊಳ್ಳತೈತಿ. ಬಾಗಲಾ ಹೋಲ್ ಸಾ ಅನ್ನೋ ದುಂಡನ ಗರಗಸದಿಂದ ಮೂರು ಇಂಚು ಕೊರೀರಿ. ಎರಡೂ ಗಲ್ಲ ತುಂಬಿದಾಗ ಅದರ ತಲಿ ಮೈಗಿಂತ ಅಗಲ ಆಗತೈತಿ, ಸಣ್ಣ ತೂತಿನ್ಯಾಗ ಸಿಕ್ಕಿಬಿತ್ತಂದ್ರ ಚರ್ಮಾ ಕಿತ್ತಿ ಬರತೈತಿ. ಹೊರಗ ಎರಡ ಬಾಗಲಾ ಇರಲಿ, ಗಾಳಿ ಆಡತೈತಿ. ಕಿಡಕಿ ಬ್ಯಾಡ. ತಳಾ ಬ್ಯಾಡೇ ಬ್ಯಾಡ, ತಳಾ ಇದ್ರ ಅಗಿಯಾಕ ಬರಂಗಿಲ್ಲ, ಉಚ್ಚಿ ಇಂಗಂಗಿಲ್ಲ. ಚಾವಣಿ ಎತ್ತಾಕ ಬರುವಂಗ ಬಿಡ್ರಿ, ಜಾರಬಾರದು ಅಂತ ಒಳಮೈಗೆ ಎರಡ ಪಟ್ಟಿ ಬಡೀರಿ. ಮೊಳಿ ಬದಲಿ ಕಟಗಿ ಗೂಟ ಹಾಕ್ರಿ, ಕೂಡಿಸೋ ಸಂದಿಗೆ ನೀರಿನ ಬಿಳಿ ಅಂಟು ಸ್ವಲ್ಪ ಹಚ್ಚಿ ಒರಸಿ ಪೂರಾ ಒಣಗಿಸ್ರಿ.

ಕಾಲಿನ ಮಾತು ಬ್ಯಾರೆ ಹೇಳಬೇಕು. ನಾ ಮಾಡಿದ ಎರಡನೇ ಮನಿ ಎಲ್ಲಾ ಸರಿ ಇತ್ತು, ತಳಾ ಇರಲಿಲ್ಲ, ಬೀಚ್ ಕಟಗಿ, ಹಾಸಿಗಿ ಎಂಟ ಇಂಚು ದಪ್ಪ, ಅದರ ಮ್ಯಾಲ ಹಂಗ ಇಟ್ಟಬಿಟ್ಟೆ. ರಾತ್ರಿ ಒಂದೂವರಿ ಸುಮಾರು ಮಗಳು ಎಬ್ಬಿಸಿದಳು, ಪಪ್ಪಾ ಶೇಂಗಾ ಕೆರೀಯಾಕತ್ತಾಳ, ಸಪ್ಪಳ ಬ್ಯಾರೆ ನಮೂನಿ ಬರಾಕತ್ತೈತಿ ಅಂತ. ಹೋಗಿ ನೋಡಿದ್ರ ಅಕಿ ಬುಡಕ ಅಗದಾಳ, ಅಗದ ತೆಗ್ಗಿನ್ಯಾಗ ಮನಿ ಒಂದ ಕಡೆ ಕುಸದೈತಿ, ಅಂಚಿನ ಬುಡಕ ಅಕಿ ಬೆನ್ನು ಸಿಕ್ಕೈತಿ. ಎತ್ತಿದೆ. ಹೊರಗ ಬಂದು ಮೂಲ್ಯಾಗ ಕುಂತು ಪಕಪಕ ಉಸರ ಬಿಟ್ಟಳು, ಗಾಯ ಆಗಿರಲಿಲ್ಲ, ಆದ್ರ ನನ್ನ ಕೈ ಇನ್ನೂ ನಡಗಾಕತ್ತಿದ್ವು. ಮಗಳು ಅವತ್ತ ಬೆಳತನಾ ಅದರ ಮುಂದ ಕುಂತಿದ್ದಳು. ಅದಕ್ಕ ಕೈ ಮುಗದು ಹೇಳತೀನಿ, ಮನಿಗೆ ನಾಕು ಮೂಲಿಗೆ ಕಾಲು ಹಚ್ಚರಿ, ಹಾಸಿಗಿ ಎಷ್ಟ ದಪ್ಪ ಐತೋ ಅಷ್ಟ ಉದ್ದ, ಆ ಕಾಲು ಪೆಟ್ಟಿಗಿ ತಳಕ್ಕ ಗಟ್ಟಿ ಮುಟ್ಟಿ ನಿಂದರಬೇಕು. ಅದು ಎಷ್ಟ ಅಗದರೂ ಮನಿ ಇಳಿಯಬಾರದು. ಪೆಟ್ಟಿಗಿ ಸೈತ ದೊಡ್ಡದಿರಲಿ, 100 ಸೆಂಟಿಮೀಟರ್ ಉದ್ದ 50 ಅಗಲಕ್ಕ ಕಡಿಮಿ ಬ್ಯಾಡ.

ಮಾಡಿದ ಮ್ಯಾಲ ತಯಾರಿ. ಪಾಲಿಶ್ ಪೇಪರ್ 80 ನಂಬರ್, ಆಮ್ಯಾಲ 120, ಆಮ್ಯಾಲ 220, ಬಾಗಲದ ಅಂಚು ಒಳಗಿಂದನೂ ಬೆರಳಾಡಿಸಿ ನೋಡ್ರಿ, ಒಂದ ಸಿಬರ ಇದ್ರೂ ಗಲ್ಲದ ಚೀಲಕ್ಕ ಚುಚ್ಚತೈತಿ. ಬಣ್ಣ, ವಾರ್ನಿಶ್, ಪಾಲಿಶ್ ಏನೂ ಬ್ಯಾಡ, ಕಟಗಿ ಹಂಗ ಬರೀ ಮೈಲೇ ಇರಲಿ. ಅಂಟು ಗಟ್ಟಿ ಆದಮ್ಯಾಲ ಒದ್ದಿ ಅರಿವಿಲೆ ಹೊಟ್ಟು ಒರಸಿ ಬಿಸಲಿಗೆ ಇಡ್ರಿ, ನಮ್ಮ ಬ್ಯಾಸಗಿ ಬಿಸಲು ಅಂದ್ರ ಎರಡ ದಿನಾ ಸಾಕು, ಮಳಿಗಾಲದಾಗ ಒಂದ ವಾರ ಫ್ಯಾನ್ ಬುಡಕ. ಪ್ಯಾರಲ ಕಡ್ಡಿ ಮಾತ್ರ ಬ್ರಶ್ ಹಾಕಿ ತಿಕ್ಕಿ, ಕುದಿಯೋ ನೀರು ಸುರಿವಿ, ಎಂಟ ಹತ್ತ ದಿನಾ ಒಣಗಿಸಿ ಆಮ್ಯಾಲ ಕೊಡ್ರಿ.

ಒಳಗ ಮೆತ್ತಗಿರಲಿ ಅಂತ ನಮ್ಮ ಕಡೆ ಎಲ್ಲಾರೂ ಹತ್ತಿ ಹಾಕತಾರ. ಹಾಕಬ್ಯಾಡ್ರಿ. ಹತ್ತಿ ಎಳಿ ಕಾಲಿಗೆ ಸುತ್ತಿ ರಕ್ತಾ ನಿಂದರಸತೈತಿ, ಗಲ್ಲದಾಗ ಸಿಕ್ಕೊಂತೈತಿ, ನುಂಗಿದ್ರ ಹೊಟ್ಟಿ ಕಟ್ಟತೈತಿ. ವಾಸನಿ ಇಲ್ಲದ ಬಿಳಿ ಟಿಶ್ಯೂ ಪೇಪರ್ ಹರದ ಹೊರಗ ಇಡ್ರಿ, ಅದು ತಾನ ಒಯ್ದು ಹಾಸಕೊಳ್ಳತೈತಿ, ನೋಡಾಕ ಎರಡ ಕಣ್ಣ ಸಾಲಂಗಿಲ್ಲ. ಕಟಗಿ ಅಡ್ಡೆದಾಗಿನ ಹೊಟ್ಟೂ ಬ್ಯಾಡ, ಯಾವ್ಯಾವ ಕಟಗಿ ಅದರಾಗ ಕೂಡಿರತೈತೋ ಯಾರಿಗೆ ಗೊತ್ತು, ಮತ್ತ ಧೂಳು. ಏಪ್ರಿಲ್ ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟತೈತಿ, ಇದಕ್ಕ 25ರ ಒಳಗ ಇದ್ರ ಸುಖ, ಅದಕ್ಕ ಮನಿ ಬಾಜೂಕ ಒಂದು ಶಹಾಬಾದ ಕಲ್ಲಿನ ತುಂಡು ಪೆಟ್ಟಿಗಿ ತಳಕ್ಕ ಮುಟ್ಟುವಂಗ ಇಡ್ರಿ, ಮಧ್ಯಾಹ್ನ ಅದರ ಮ್ಯಾಲ ಹೊಟ್ಟಿ ಹಚ್ಚಿ ಚಪ್ಪಟಿ ಮಲಗತೈತಿ. ಕೂಲರ್ ಗಾಳಿ ಸೀದಾ ಬಡಿಯೋದು ಬ್ಯಾಡ.

ತೊಳಿಯೋ ಮುಂದ ಫಿನೈಲ್ ಹತ್ರ ಸುಳಿಸಬ್ಯಾಡ್ರಿ, ನೀರು ಬಿಳಿ ವಿನಿಗರ್ ಸಮಾ ಸಮಾ ಕೂಡಿಸಿ ನೆನೆದ ಜಾಗಾ ಅಷ್ಟ ಒರಸಿ, ಪೂರಾ ಒಣಗಿದ ಮ್ಯಾಲ ಇಡ್ರಿ. ಮನಿ ತೊಳದ ದಿನಾನ ಹಾಸಿಗಿ ಎಲ್ಲಾ ಬದಲಿ ಮಾಡಬ್ಯಾಡ್ರಿ, ತನ್ನ ವಾಸನಿ ಕಳಕೊಂಡ್ರ ಅದು ಗಾಬರಿ ಆಗತೈತಿ. ಹೊಸಾ ಮನಿ ಇಡೋದಾದ್ರೂ ಹಳೇದರಾಗಿನ ಹಾಸಿಗಿ ಒಂದ ಬೊಗಸಿ ಮಲಗೋ ಖೋಲ್ಯಾಗ ಹಾಕ್ರಿ. ಮೂರನೇ ಮನಿಗೆ ಶೇಂಗಾ ಹೊಕ್ಕ ರಾತ್ರಿ ನಾವು ಲೈಟ್ ಆರಿಸಿ ಸುಮ್ಮ ಕುಂತಿದ್ವಿ. ಜ್ವಾಳದ ಕಾಳು ಒಂದೊಂದ ಒಯ್ದು ಹಲಗಿ ಬುಡಕ ಸುರಿಯೋ ಸಪ್ಪಳ, ಟಿಕ್ ಟಿಕ್ ಅಂತ, ಮುಂಜಾನಿ ನಾಕರ ತನಕ. ಮಗಳು ಚಾವಣಿ ಎತ್ತಿ ನೋಡೂನು ಅಂದಳು, ನಾ ಬ್ಯಾಡವ್ವ, ಎರಡ ದಿನಾ ಬಿಡು ಅಂದೆ. ನೀವೂ ಎರಡ ದಿನಾ ಎತ್ತಬ್ಯಾಡ್ರಿ. ನಮಸ್ಕಾರ್ರಿ.