ಇನ್ಸ್‌ಪೆಕ್ಷನ್ ಆದ ಮೇಲೆ ಬರುವ ರಿಪೇರಿ ಪಟ್ಟಿ: ಟೆಕ್ಸಾಸ್‌ನಲ್ಲಿ ಮನೆ ಮಾರುವವರಿಗೆ ಕೆಲವು ಮಾತು

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್ ಸುತ್ತಮುತ್ತ ಮನೆ ಮಾರಾಟದ ಏಜೆಂಟ್ ಆಗಿ ಕೆಲಸ ಮಾಡುತ್ತೇನೆ. ಮನೆ ಮಾರುವ ನಮ್ಮ ಕನ್ನಡದವರಿಂದ ಗಾಬರಿಯ ಫೋನ್ ಬರುವುದು ಸಾಮಾನ್ಯವಾಗಿ ಒಂದೇ ಹೊತ್ತಿನಲ್ಲಿ. ಆಫರ್ ಒಪ್ಪಿ ಸಹಿ ಹಾಕಿರುತ್ತಾರೆ. ಊರಿಗೆ ಫೋನ್ ಮಾಡಿ ಮನೆ ಮಾರಾಟವಾಯಿತು ಅಂತ ಹೇಳಿರುತ್ತಾರೆ. ಅಷ್ಟರಲ್ಲಿ ಕೊಳ್ಳುವವರ ಕಡೆಯಿಂದ ಒಂದು ಪಟ್ಟಿ ಬರುತ್ತದೆ. ಇನ್ಸ್‌ಪೆಕ್ಷನ್‌ನಲ್ಲಿ ಇಷ್ಟೆಲ್ಲ ಸಿಕ್ಕಿದೆ, ರಿಪೇರಿ ಮಾಡಿಸಿಕೊಡಿ ಅಂತ. ಇವತ್ತು ಆ ಪಟ್ಟಿಯ ಬಗ್ಗೆ ಮಾತಾಡೋಣ.

ಪಟ್ಟಿ ನೋಡಿದ ಕೂಡಲೇ ನಮಗೆ ಕೋಪ ಬರುತ್ತದೆ. ಅದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಹಳೇ ಮನೆ ಕೊಳ್ಳುವವರು ಹೆಚ್ಚಾಗಿ ನೋಡುವುದು ಕಾಗದಪತ್ರವನ್ನು. ಖಾತಾ, ಇ.ಸಿ., ಹಿಂದಿನ ಕ್ರಯಪತ್ರ, ವಕೀಲರ ಅಭಿಪ್ರಾಯ. ಕಟ್ಟಡವನ್ನು ಒಂದೆರಡು ಸಲ ಬಂದು, ನಲ್ಲಿ ತಿರುಗಿಸಿ, ಗೋಡೆಯ ತೇವ ನೋಡಿ ಮುಗಿಸುತ್ತಾರೆ. ಚೌಕಾಸಿ ಏನಿದ್ದರೂ ಅಡ್ವಾನ್ಸ್ ಕೊಡುವ ಮೊದಲೇ. ಅಗ್ರಿಮೆಂಟ್ ಆದ ಮೇಲೆ ದುಡ್ಡಿನ ಮಾತು ಎತ್ತಿದರೆ ಅದು ಮಾತಿಗೆ ತಪ್ಪಿದ ಹಾಗೆ ಅಂತ ನಮ್ಮ ಲೆಕ್ಕ. ಇಲ್ಲಿನ ಪದ್ಧತಿ ಬೇರೆ. ಸಹಿ ಆದ ಮೇಲೆಯೇ ಮನೆಯ ಪರೀಕ್ಷೆ ನಡೆಯುತ್ತದೆ. ಎರಡನೇ ಸುತ್ತಿನ ಮಾತುಕತೆಗೆ ಕರಾರಿನಲ್ಲೇ ಜಾಗ ಇರುತ್ತದೆ. ಹಾಗಾಗಿ ಪಟ್ಟಿ ಕಳಿಸಿದವರು ಮೋಸಗಾರರಲ್ಲ.

ಆ ಜಾಗದ ಹೆಸರು ಆಪ್ಷನ್ ಪೀರಿಯಡ್. ಕೊಳ್ಳುವವರು ನಿಮಗೆ ಒಂದು ಸಣ್ಣ ಮೊತ್ತ, ಸಾಮಾನ್ಯವಾಗಿ ಕೆಲವು ನೂರು ಡಾಲರ್, ಆಪ್ಷನ್ ಫೀ ಅಂತ ಕೊಡುತ್ತಾರೆ. ಅದಕ್ಕೆ ಬದಲಾಗಿ ಒಪ್ಪಿದಷ್ಟು ದಿನ, ಬಹಳ ಸಲ 5ರಿಂದ 10 ದಿನ, ಯಾವ ಕಾರಣವನ್ನೂ ಹೇಳದೆ ಕರಾರು ಮುರಿಯುವ ಹಕ್ಕು ಅವರಿಗೆ ಇರುತ್ತದೆ. ಮುರಿದರೆ ಆಪ್ಷನ್ ಫೀ ನಿಮಗೆ ಉಳಿಯುತ್ತದೆ, ಕರಾರಿನ ಜೊತೆ ಅವರು ಇಟ್ಟ ಮುಂಗಡ, ಅಂದರೆ ಅರ್ನೆಸ್ಟ್ ಮನಿ, ಅವರಿಗೆ ವಾಪಸ್. ಕೊನೆಯ ದಿನ ಸಂಜೆ 5 ಗಂಟೆಗೆ ಈ ಹಕ್ಕು ಮುಗಿಯುತ್ತದೆ. ಆ ದಿನ ಭಾನುವಾರ ಆದರೂ ಅಷ್ಟೇ, ಸೋಮವಾರಕ್ಕೆ ಮುಂದೆ ಹೋಗುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ. 5 ಗಂಟೆಯ ತನಕ ಅವರು ಸುಲಭವಾಗಿ ಎದ್ದು ಹೋಗಬಹುದು. ಅದಕ್ಕೇ ಪಟ್ಟಿ ಆ ಹೊತ್ತಿನ ಒಳಗೆ ಬರುತ್ತದೆ.

ನೀವು ಒಂದನ್ನೂ ಒಪ್ಪಲೇಬೇಕು ಅಂತ ಕಾನೂನಿಲ್ಲ. ಪೂರ್ತಿ ಬೇಡ ಅನ್ನಬಹುದು. ಆದರೆ ಹಾಗೆ ಅನ್ನುವ ಮೊದಲು ರಿಪೋರ್ಟ್ ಓದಿ. ಬರೀ ಪಟ್ಟಿ ಕಳಿಸಿದ್ದರೆ ರಿಪೋರ್ಟಿನ ಆ ಪುಟಗಳನ್ನೂ ಕೇಳಿ ತರಿಸಿಕೊಳ್ಳಿ.

ಟೆಕ್ಸಾಸ್‌ನಲ್ಲಿ ಇನ್ಸ್‌ಪೆಕ್ಟರ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ಗೊತ್ತುಮಾಡಿದ ನಮೂನೆಯಲ್ಲೇ ಅವರು ಬರೆಯಬೇಕು. ಪ್ರತಿಯೊಂದರ ಮುಂದೆ ನಾಲ್ಕು ಚೌಕ ಇರುತ್ತವೆ: ನೋಡಿದೆ, ನೋಡಿಲ್ಲ, ಮನೆಯಲ್ಲಿ ಇಲ್ಲ, ಕೊರತೆ ಇದೆ. ಈ ಕೊನೆಯ ಚೌಕ ನೋಡಿ ಬಹಳ ಜನ ಹೆದರುತ್ತಾರೆ. ಮನೆ ಕಟ್ಟಿದಾಗ ಇಲ್ಲದ ನಿಯಮ ಆಮೇಲೆ ಬಂದಿದ್ದರೂ, ಸುರಕ್ಷತೆಯ ಕೆಲವು ವಿಷಯಗಳನ್ನು ಅವರು ಕೊರತೆ ಅಂತಲೇ ಗುರುತು ಹಾಕಬೇಕು. 1995ರಲ್ಲಿ ಕಟ್ಟಿದ ಮನೆಯ ಮಲಗುವ ಕೋಣೆಗೆ ಆರ್ಕ್ ಫಾಲ್ಟ್ ಬ್ರೇಕರ್, ಅಂದರೆ ವಯರಿನಲ್ಲಿ ಕಿಡಿ ಹಾರಿದರೆ ಕರೆಂಟ್ ಕಡಿಯುವ ಸ್ವಿಚ್, ಇರುವುದಿಲ್ಲ. ಆಗ ಅದನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ರಿಪೋರ್ಟಿನಲ್ಲಿ ಗುರುತು ಬೀಳುತ್ತದೆ. ನೀವು ಏನೋ ಮುಚ್ಚಿಟ್ಟಿದ್ದೀರಿ ಅಂತ ಅದರ ಅರ್ಥ ಅಲ್ಲ. ರಿಪೋರ್ಟ್ 40 ಪುಟ ಇದ್ದರೆ ಮನೆ ಹಾಳಾಗಿದೆ ಅಂತಲೂ ಅಲ್ಲ.

ಹಾಗಾದರೆ ಯಾವುದಕ್ಕೆ ಒಪ್ಪಬೇಕು? ನಾನು ಎಲ್ಲರಿಗೂ ಕೊಡುವ ಅಳತೆಗೋಲು ಒಂದೇ. ಇವರು ಬಿಟ್ಟು ಹೋದರೆ, ಮುಂದೆ ಬರುವವರೂ ಇದನ್ನೇ ಕೇಳುತ್ತಾರಾ? ಕೇಳುತ್ತಾರೆ ಅಂತಾದರೆ ಅದು ಈ ಮನೆಯ ಖರ್ಚು. ಇವತ್ತಲ್ಲ ನಾಳೆ ನೀವೇ ಕೊಡಬೇಕು. ಜೊತೆಗೆ ಇನ್ನೊಂದು ಮಾತಿದೆ. ರಿಪೋರ್ಟ್ ನಿಮ್ಮ ಕೈಗೆ ಬಂದ ಮೇಲೆ ಆ ದೋಷ ನಿಮಗೆ ಗೊತ್ತಾದ ಹಾಗೆ. ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು ಡಿಸ್‌ಕ್ಲೋಷರ್ ನೋಟಿಸ್‌ನಲ್ಲಿ ಬರೆದು ಕೊಡಬೇಕು. ಅದರಲ್ಲಿ ಸುಳ್ಳು ಬರೆದರೆ ಮನೆ ಮಾರಿದ ಮೇಲೂ ಕೇಸ್ ಬೀಳಬಹುದು.

ಈ ಅಳತೆಗೋಲಿನಿಂದ ಮೊದಲು ಫೌಂಡೇಶನ್ ನೋಡೋಣ, ಇಲ್ಲಿ ಜನ ಅತಿ ಹೆಚ್ಚು ಹೆದರುವುದು ಅದಕ್ಕೇ. ಡಲ್ಲಾಸ್ ಸುತ್ತಲಿನ ಕಪ್ಪು ಜೇಡಿ ಮಣ್ಣು ಥೇಟ್ ನಮ್ಮ ಗದಗ, ವಿಜಯಪುರದ ಕಡೆಯ ಎರೆಮಣ್ಣಿನ ಹಾಗೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಕಡೆಯಿಂದ ಬಂದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ಕೂತ ಕಾಂಕ್ರೀಟ್ ಸ್ಲ್ಯಾಬ್ ಒಂದು ಕಡೆ ಏಳುತ್ತದೆ, ಒಂದು ಕಡೆ ಇಳಿಯುತ್ತದೆ. ಬಾಗಿಲ ಮೂಲೆಯಲ್ಲಿ ಓರೆ ಬಿರುಕು ಕಾಣುತ್ತದೆ, ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಬೇಸಿಗೆಯಲ್ಲಿ ಮನೆ ಸುತ್ತ ಸೋಕರ್ ಹೋಸ್ (ನೀರು ಜಿನುಗುವ ಪೈಪು) ಹಾಕಿ ಮಣ್ಣಿಗೆ ನೀರು ಬಿಡುವುದು ಇದಕ್ಕೇ.

ರಿಪೋರ್ಟಿನಲ್ಲಿ ಫೌಂಡೇಶನ್ ಮಾತು ಬಂದರೆ, ದಯವಿಟ್ಟು ಮೊದಲೇ ರಿಪೇರಿ ಕಂಪನಿಯನ್ನು ಕರೆಯಬೇಡಿ. ರಿಪೇರಿ ಮಾರುವವರಿಗೆ ರಿಪೇರಿಯೇ ಬೇಕಾಗಿ ಕಾಣುವುದು ಸಹಜ. ಲೈಸೆನ್ಸ್ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಕೆಲವು ನೂರು ಡಾಲರ್ ಖರ್ಚಾಗುತ್ತದೆ. ಅವರು ಮಟ್ಟ ಅಳೆದು ಕಾಗದ ಕೊಡುತ್ತಾರೆ. ಏನೂ ಬೇಡ ಅಂತ ಅವರು ಬರೆದರೆ ಎಷ್ಟೋ ಸಲ ಪಟ್ಟಿಯ ಅತಿ ದೊಡ್ಡ ಸಾಲು ಅಲ್ಲಿಗೇ ಮುಗಿಯುತ್ತದೆ. ಪಿಯರ್ (ಸ್ಲ್ಯಾಬ್ ಅಡಿಯ ಆಧಾರ ಕಂಬ) ಹಾಕಬೇಕು ಅಂದರೆ ಎಷ್ಟು, ಎಲ್ಲಿ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಎರಡರಲ್ಲಿ ಯಾವುದಾದರೂ ಮುಂದಿನವರಿಗೂ ತೋರಿಸಬಹುದು.

ಈಗ ಒಂದು ಪಟ್ಟಿಯನ್ನು ನಾವೇ ಊಹಿಸಿಕೊಳ್ಳೋಣ. ಅದೇ 1995ರ ಮನೆ. ಛಾವಣಿಗೆ ಆಲಿಕಲ್ಲಿನ ಪೆಟ್ಟು. 2008ರ ಎಸಿ. ವಾಟರ್ ಹೀಟರ್‌ನಲ್ಲಿ ಒತ್ತಡ ಹೆಚ್ಚಾದರೆ ಹೊರಬಿಡುವ ಪ್ರೆಶರ್ ವಾಲ್ವ್ ಕೆಲಸ ಮಾಡುತ್ತಿಲ್ಲ. ಬೇಲಿ ವಾಲಿದೆ. ಡಿಶ್‌ವಾಷರ್ ಸದ್ದು ಜಾಸ್ತಿ. ಕಾರ್ಪೆಟ್ ಮೇಲೆ ಕಲೆ. ವಾಲ್ವ್ ವಿಷಯದಲ್ಲಿ ಯೋಚನೆಯೇ ಬೇಡ. ಅದು ಜೀವದ ಪ್ರಶ್ನೆ, ಖರ್ಚೂ ಕಡಿಮೆ. ಯಾರೂ ಕೇಳದಿದ್ದರೂ ಇವತ್ತೇ ಹಾಕಿಸಿ, ಆ ಮನೆಯಲ್ಲಿ ಈಗ ಇರುವವರು ನೀವು. ಛಾವಣಿ ಗಂಭೀರ. ಹಾಳಾದ ಛಾವಣಿಯ ಮನೆಗೆ ಇನ್ಶೂರೆನ್ಸ್ ಸಿಗುವುದು ಕಷ್ಟ, ಇನ್ಶೂರೆನ್ಸ್ ಇಲ್ಲದೆ ಬ್ಯಾಂಕ್ ಸಾಲ ಇಲ್ಲ. ನಿಮ್ಮ ಇನ್ಶೂರೆನ್ಸ್‌ನಿಂದ ಏನಾದರೂ ಬರುತ್ತದಾ ಅಂತ ಮೊದಲು ವಿಚಾರಿಸಿ. ಎಸಿ ಓಡುತ್ತಿದೆ, ಆದರೆ ಹಳೆಯದು. ಆ ಕಾಲದ ಎಷ್ಟೋ ಯಂತ್ರಗಳು ತಂಪು ಮಾಡಲು ಆರ್-22 ಅನ್ನುವ ಗ್ಯಾಸ್ ಬಳಸುವಂಥವು. ಅಮೆರಿಕದಲ್ಲಿ 2020ರಿಂದ ಅದರ ತಯಾರಿಕೆ, ಆಮದು ಎರಡೂ ನಿಂತಿವೆ. ಹೊಸ ಎಸಿ ಕೊಡಿಸಬೇಕಾಗಿಲ್ಲ. ಆದರೆ ಸ್ವಲ್ಪ ಹಣ ಬಿಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಬೇಲಿ, ಸದ್ದು, ಕಲೆ ಇವು ಮನೆ ನೋಡಲು ಬಂದಾಗಲೇ ಕಂಡಿದ್ದವು. ಅದನ್ನು ನೋಡಿಯೇ ಆಫರ್ ಕೊಟ್ಟಿದ್ದಾರೆ. ಇವಕ್ಕೆ ಮರ್ಯಾದೆಯಿಂದ ಬೇಡ ಅನ್ನಿ.

ಒಪ್ಪಿದ್ದನ್ನು ರಿಪೇರಿ ಮಾಡಿಸಿ ಕೊಡಬೇಕಾ, ಹಣ ಕೊಡಬೇಕಾ? ಸುರಕ್ಷತೆಯ ಕೆಲಸ, ಬ್ಯಾಂಕ್ ಕೇಳುವ ಕೆಲಸ ಬಿಟ್ಟು ಉಳಿದದ್ದಕ್ಕೆಲ್ಲ ಹಣವೇ ಒಳ್ಳೆಯದು. ಸಾಮಾನು ಪ್ಯಾಕ್ ಮಾಡುವ ಹೊತ್ತಿನಲ್ಲಿ ಕೆಲಸದವರ ಹಿಂದೆ ಓಡಾಡಿ ಮಾಡಿಸಿದ ಕೆಲಸ ಅವರಿಗೆ ಹಿಡಿಸದೇ ಹೋಗಬಹುದು. ಆಗ ಇನ್ನೊಂದು ಜಗಳ. ಹಣ ಕೊಟ್ಟರೆ ಅವರಿಗೆ ಬೇಕಾದವರಿಂದ ಅವರೇ ಮಾಡಿಸಿಕೊಳ್ಳುತ್ತಾರೆ.

ಹಣ ಕೊಡುವುದರಲ್ಲೂ ಎರಡು ದಾರಿ. ಮನೆಯ ಬೆಲೆಯನ್ನೇ 5,000 ಡಾಲರ್ ಇಳಿಸಿದಿರಿ ಅನ್ನಿ. ಶೇಕಡ 6.5 ಬಡ್ಡಿಯ 30 ವರ್ಷದ ಸಾಲದಲ್ಲಿ ಅವರಿಗೆ ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 32 ಡಾಲರ್. ಅದರಲ್ಲಿ ಎಸಿ ಬರುವುದಿಲ್ಲ. ಅದೇ 5,000ವನ್ನು ಕ್ಲೋಸಿಂಗ್, ಅಂದರೆ ಮನೆ ಅವರ ಹೆಸರಿಗೆ ಮಾಡಿಕೊಡುವ ದಿನದ, ಖರ್ಚಿಗೆ ಕೊಟ್ಟರೆ ಅವರ ಕೈಯಲ್ಲಿ ಅಷ್ಟು ನಗದು ಉಳಿಯುತ್ತದೆ. ನಿಮಗೆ ಹೋಗುವ ಹಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲ ಮನೆ ಕೊಳ್ಳುವ ಚಿಕ್ಕ ಸಂಸಾರಕ್ಕೆ ಡೌನ್ ಪೇಮೆಂಟ್ ಕೊಟ್ಟ ಮೇಲೆ ಕೈ ಖಾಲಿ ಇರುತ್ತದೆ. ನಾವೂ ಹಾಗೇ ಶುರು ಮಾಡಿದವರು, ಅಲ್ವಾ? ಆದರೆ ಇದಕ್ಕೆ ಮಿತಿ ಇದೆ. ಅವರ ನಿಜವಾದ ಕ್ಲೋಸಿಂಗ್ ಖರ್ಚಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ತಾವೇ ವಾಸಕ್ಕೆ ಕೊಳ್ಳುವವರ ಕನ್ವೆನ್ಷನಲ್ (ಸರ್ಕಾರದ ಖಾತರಿ ಇಲ್ಲದ ಮಾಮೂಲಿ) ಸಾಲದಲ್ಲಿ ಡೌನ್ ಪೇಮೆಂಟ್ ಶೇಕಡ 10ಕ್ಕಿಂತ ಕಡಿಮೆ ಇದ್ದರೆ ಮಿತಿ ಮನೆಯ ಬೆಲೆಯ ಶೇಕಡ 3. ಎಫ್‌ಎಚ್‌ಎ (ಸರ್ಕಾರಿ ಸಂಸ್ಥೆಯ ವಿಮೆ ಇರುವ) ಸಾಲದಲ್ಲಿ ಶೇಕಡ 6. ಅಂಕಿ ಹೇಳುವ ಮೊದಲು ಅವರ ಬ್ಯಾಂಕಿನವರನ್ನು ಕೇಳಿಸಿ.

ಕೊಳ್ಳುವವರೂ ನಮ್ಮವರೇ ಆಗಿದ್ದರೆ ಒಂದು ಎಚ್ಚರಿಕೆ. ಪರಿಚಯದವರು, ಬಾಯಿಮಾತಲ್ಲೇ ಮುಗಿಸೋಣ ಅನ್ನಿಸುತ್ತದೆ. ಬೇಡ. ಸಹಿ ಮಾಡಿದ ಅಮೆಂಡ್‌ಮೆಂಟ್ (ಕರಾರಿನ ತಿದ್ದುಪಡಿ ಪತ್ರ) ಇಲ್ಲದೆ ಒಪ್ಪಿಗೆಗೆ ಬೆಲೆ ಇಲ್ಲ. ಕೊನೆಗೆ ಕೆಡುವುದು ಸ್ನೇಹವೇ. ಬರೆಯುವಾಗ 'ರಿಪೋರ್ಟಿನಲ್ಲಿ ಇರುವುದೆಲ್ಲ ಸರಿ ಮಾಡಿಕೊಡುತ್ತೇವೆ' ಅಂತ ಎಂದೂ ಬರೆಯಬೇಡಿ. 'ಲೈಸೆನ್ಸ್ ಇರುವ ಪ್ಲಂಬರ್‌ನಿಂದ ವಾಟರ್ ಹೀಟರ್‌ನ ವಾಲ್ವ್ ಬದಲಾಯಿಸಿ, ಕ್ಲೋಸಿಂಗ್‌ಗೆ ಮುಂಚೆ ರಸೀದಿ ಕೊಡುತ್ತೇವೆ' ಅಂತ ಒಂದೊಂದನ್ನೂ ಬಿಡಿಸಿ ಬರೆಯಿರಿ. ಲೈಸೆನ್ಸ್ ಬೇಕಾದ ಕೆಲಸವನ್ನು ಲೈಸೆನ್ಸ್ ಇರುವವರೇ ಮಾಡಬೇಕು ಅಂತ ಕರಾರಿನಲ್ಲೇ ಇದೆ. ಭಾವಮೈದ ಎಷ್ಟೇ ಜಾಣನಾದರೂ ನಡೆಯುವುದಿಲ್ಲ. ಪರ್ಮಿಟ್ ಬೇಕಾದರೆ ತೆಗೆಸಿ. ಕ್ಲೋಸಿಂಗ್‌ಗೆ ಮುಂಚೆ ಅವರು ಮತ್ತೊಮ್ಮೆ ಮನೆ ನೋಡಲು ಬರುತ್ತಾರೆ. ರಸೀದಿಗಳನ್ನು ಅಡುಗೆಮನೆಯ ಕೌಂಟರ್ ಮೇಲೆ ಜೋಡಿಸಿಡಿ.

ಇಷ್ಟೆಲ್ಲ ಮಾಡಿದರೂ ಕೆಲವರು ಬಿಟ್ಟು ಹೋಗುತ್ತಾರೆ. ಆಗ ಡಿಸ್‌ಕ್ಲೋಷರ್ ನೋಟಿಸ್ ತಿದ್ದಿ, ಎಂಜಿನಿಯರ್ ಕಾಗದ ಮತ್ತು ರಸೀದಿಗಳನ್ನು ಜೊತೆಗಿಟ್ಟು ಮನೆಯನ್ನು ಮತ್ತೆ ಮಾರಾಟಕ್ಕೆ ಹಾಕಿ. ಎಲ್ಲ ಗೊತ್ತಿದ್ದೇ ಆಫರ್ ಕೊಟ್ಟವರಿಂದ ಎರಡನೇ ಪಟ್ಟಿ ಬಂದರೂ ಚಿಕ್ಕದಾಗಿರುತ್ತದೆ. ಈಗ ನಿಮ್ಮ ಪ್ರಶ್ನೆಗಳು. ಸದ್ಯ ಆಪ್ಷನ್ ಪೀರಿಯಡ್ ಒಳಗೆ ಇರುವವರು ಯಾರಾದರೂ ಇದ್ದರೆ ಮೊದಲು ಅವರು ಕೇಳಿ.