ಪಾಯಾಸಿಯ ತಕ್ಕಡಿ

ಎಲ್ಲರಿಗೂ ನಮಸ್ಕಾರ.

ಆತ್ಮದ ಮಾತು ಬಂದರೆ ನಾವು ಉಪನಿಷತ್ತು, ಗೀತೆ, ಶಂಕರ, ಮಧ್ವ ಎಂದು ಶುರು ಮಾಡುವುದು ರೂಢಿ. ಇವತ್ತು ನಾನು ಪಾಯಾಸಿ ಎಂಬ ಒಬ್ಬ ಸಾಮಂತನಿಂದ ಶುರು ಮಾಡುತ್ತೇನೆ. ಅವನ ಕಥೆ ಬೌದ್ಧರ ಪಾಲಿ ಭಾಷೆಯ ಗ್ರಂಥ ದೀಘನಿಕಾಯದಲ್ಲಿದೆ, 23ನೆಯ ಸುತ್ತ, ಅಂದರೆ ಸೂತ್ರ. ಕೋಸಲ ದೇಶದ ಸೇತವ್ಯ ಎಂಬ ಊರು ಅವನ ಆಳ್ವಿಕೆಯಲ್ಲಿತ್ತು. ಅದನ್ನು ಅವನಿಗೆ ಕೊಟ್ಟವನು ರಾಜ ಪಸೇನದಿ. ಪರಲೋಕವಿಲ್ಲ, ಮರುಹುಟ್ಟಿಲ್ಲ, ಒಳ್ಳೆಯದಕ್ಕೂ ಕೆಟ್ಟದಕ್ಕೂ ಫಲವಿಲ್ಲ ಎನ್ನುವುದು ಪಾಯಾಸಿಯ ವಾದ. ಸುಮ್ನೆ ಹಾಗೆ ಹೇಳಿ ಕೂತವನಲ್ಲ ಅವನು. ಪರೀಕ್ಷೆ ಮಾಡಿ ನೋಡಿದ್ದ.

ಮೊದಲು ಅವನು ಮಾಡಿದ್ದು ತುಂಬಾ ಸರಳ. ಸಾಯುವ ಸ್ಥಿತಿಯಲ್ಲಿದ್ದ ನೆಂಟರನ್ನು ಹೋಗಿ ನೋಡಿದ. ಕೆಟ್ಟದ್ದು ಮಾಡಿದವರಿಗೆ, 'ನರಕಕ್ಕೆ ಹೋದರೆ ವಾಪಸ್ ಬಂದು ನನಗೆ ತಿಳಿಸಿ' ಅಂದ. ಒಳ್ಳೆಯವರಿಗೆ, ಸ್ವರ್ಗ ಸಿಕ್ಕರೆ ಬಂದು ಹೇಳಿ ಅಂದ. ಎಲ್ಲರೂ ಒಪ್ಪಿದರು. ಒಬ್ಬರೂ ಬರಲಿಲ್ಲ.

ಆಮೇಲಿನದು ಕೇಳಲು ಕಷ್ಟವಾಗುತ್ತದೆ. ಸಿಕ್ಕಿಬಿದ್ದ ಒಬ್ಬ ಕಳ್ಳನನ್ನು ಜೀವಂತವಾಗಿ ಹಂಡೆಯೊಳಗೆ ಹಾಕಿಸಿದ. ಹಂಡೆಯ ಬಾಯಿಗೆ ಹಸಿ ಚರ್ಮ ಕಟ್ಟಿಸಿ, ಮೇಲೆ ದಪ್ಪಗೆ ಹಸಿ ಮಣ್ಣು ಮೆತ್ತಿಸಿ, ಒಲೆಯ ಮೇಲಿಟ್ಟು ಬೆಂಕಿ ಹಾಕಿಸಿದ. ಸತ್ತ ಎಂದು ಗೊತ್ತಾದ ಮೇಲೆ ಹಂಡೆ ಇಳಿಸಿ, ಮೆಲ್ಲಗೆ ಬಾಯಿ ತೆರೆದು ನೋಡಿದರು. ಜೀವ ಹೊರಗೆ ಹೋಗುವುದು ಯಾರಿಗೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿದರು, ಬಿಲ್ಲಿನ ಹೆದೆಯಿಂದ ಕುತ್ತಿಗೆ ಬಿಗಿದು ಕೊಂದು ಮತ್ತೆ ತೂಗಿದರು. ಸತ್ತ ಮೈ ಮೊದಲಿಗಿಂತ ಭಾರವಾಗಿತ್ತು, ಸೆಟೆದುಕೊಂಡಿತ್ತು. ಮತ್ತೊಬ್ಬನ ಚರ್ಮ, ಮಾಂಸ, ನರ, ಮೂಳೆ, ಮಜ್ಜೆ ಎಲ್ಲವನ್ನೂ ಬಿಡಿಸಿ ನೋಡಿದರು. ಜೀವ ಎಲ್ಲೂ ಸಿಗಲಿಲ್ಲ.

ಮುಂದೆ ಹೋಗುವ ಮುಂಚೆ ಆ ಕಳ್ಳರ ಬಗ್ಗೆ ಒಂದು ಮಾತು. ಅವರಿಗೆ ಹೆಸರಿಲ್ಲ. ಸುತ್ತದಲ್ಲಿ ಅವರಿಗಾಗಿ ಯಾರೂ ಮರುಗುವುದೂ ಇಲ್ಲ. ಕಥೆ ಕಟ್ಟುಕಥೆಯೇ ಆಗಿರಬಹುದು, ಆದರೂ ನನಗೆ ಅದು ಚುಚ್ಚುತ್ತದೆ. ಜೀವ ಎಂದರೇನು ಎಂದು ತಿಳಿಯಲು ಜೀವ ತೆಗೆಯುವುದು, ಅದೂ ಬೇಡ ಎನ್ನಲು ಆಗದವರ ಜೀವ. ಪಾಯಾಸಿಯ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಅವನ ದಾರಿಯನ್ನು ಗೌರವಿಸಲಾರೆ.

ಅವನಿಗೆ ಉತ್ತರ ಕೊಡುವವನು ಬುದ್ಧನ ಶಿಷ್ಯ ಕುಮಾರ ಕಸ್ಸಪ. ನೆಂಟರು ಬರಲಿಲ್ಲ ಎನ್ನುವುದಕ್ಕೆ ಅವನ ಉತ್ತರ ನನಗೆ ಅಷ್ಟು ರುಚಿಸುವುದಿಲ್ಲ. ನರಕದವರನ್ನು ಅಲ್ಲಿನ ಕಾವಲಿನವರು ಬಿಡುವುದಿಲ್ಲವಂತೆ, ಸ್ವರ್ಗದವರಿಗೆ ಈ ಲೋಕದ ನಾತವೇ ಸಹಿಸದಂತೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಪ್ರಯೋಗಗಳ ಬಗ್ಗೆ ಅವನು ಹೇಳುವುದು ಬಹಳ ಚುರುಕಾಗಿದೆ.

ಹಂಡೆಯ ಮಾತಿಗೆ ಅವನು ಕನಸನ್ನು ತರುತ್ತಾನೆ. 'ಮಧ್ಯಾಹ್ನ ಮಲಗಿದಾಗ ನೀನು ಕನಸಿನಲ್ಲಿ ತೋಟ, ಕೆರೆ ನೋಡಿದ್ದೀಯಲ್ಲ? ಆಗ ಸೇವಕಿಯರು ನಿನ್ನ ಪಕ್ಕದಲ್ಲೇ ಇದ್ದರು. ನಿನ್ನ ಜೀವ ಒಳಗೆ ಬರುವುದು, ಹೊರಗೆ ಹೋಗುವುದು ಅವರಿಗೆ ಕಂಡಿತಾ?' ಕಂಡಿರಲಿಲ್ಲ. ಬದುಕಿರುವವನ ಮನಸ್ಸಿನಲ್ಲಿ ನಡೆಯುವುದೇ ಪಕ್ಕದವರಿಗೆ ಕಾಣುವುದಿಲ್ಲ. ಸತ್ತವನದು ಕಾಣಬೇಕು ಎಂದು ಹಟ ಯಾಕೆ? ಇಡೀ ಸಂವಾದದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ತೂಕದ ಮಾತಿಗೆ ಕಾದ ಕಬ್ಬಿಣ ಬರುತ್ತದೆ. ಕಬ್ಬಿಣದ ಗುಂಡು ಕೆಂಪಗೆ ಕಾದಾಗ ಹಗುರ, ಮೆದು. ಆರಿದಾಗ ಭಾರ, ಗಟ್ಟಿ. ಹಾಗೆಯೇ ಈ ಮೈ ಆಯುಸ್ಸು, ಬಿಸಿ, ಅರಿವು ಮೂರೂ ಕೂಡಿದಾಗ ಹಗುರ ಎನ್ನುತ್ತಾನೆ. ಕಾದರೆ ಕಬ್ಬಿಣದ ತೂಕ ಇಳಿಯುವುದಿಲ್ಲ, ಅದು ನಮಗೆ ಗೊತ್ತು. ಆದರೆ ಬಿಸಿ ವಸ್ತುವನ್ನು ಸೂಕ್ಷ್ಮ ತಕ್ಕಡಿಯಲ್ಲಿಟ್ಟರೆ ಸುತ್ತಲಿನ ಗಾಳಿ ಕಾದು ಮೇಲೇಳುತ್ತದೆ, ತೂಕ ಕಡಿಮೆ ತೋರಿಸುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಾಯಿಸಿದ ಕ್ರೂಸಿಬಲ್, ಅಂದರೆ ಮೂಸೆ, ಆರುವ ತನಕ ತೂಗಬಾರದು ಎಂದು ಹೇಳಿಕೊಡುವುದು ಇದಕ್ಕೇ. ಕಸ್ಸಪನ ಹೋಲಿಕೆಯ ಬಲ ಇರುವುದು ಬೇರೆ ಕಡೆ. ಕಬ್ಬಿಣದಲ್ಲಿ ಬಿಸಿ ಇದೆ ಎನ್ನುವುದು ಪೂರ್ತಿ ನಿಜ. ಆದರೆ ಅದನ್ನು ಚಿಮಟದಿಂದ ಎತ್ತಿ ಪಕ್ಕಕ್ಕಿಡಲು ಆಗುವುದಿಲ್ಲ.

ಮೈ ಬಿಡಿಸಿ ಹುಡುಕಿದ್ದಕ್ಕೆ ಅರಣಿಯ ಕಥೆ. ಅರಣಿ ಎಂದರೆ ಮಥಿಸಿ ಬೆಂಕಿ ಹುಟ್ಟಿಸುವ ಕಟ್ಟಿಗೆ. ಅಗ್ನಿಯನ್ನು ಪೂಜಿಸುವ ತಪಸ್ವಿಯೊಬ್ಬ ಊರಿಗೆ ಹೋಗುವಾಗ ಬೆಂಕಿ ಆರದಂತೆ ನೋಡಿಕೋ ಎಂದು ಸಾಕಿದ ಹುಡುಗನಿಗೆ ಹೇಳಿ ಹೋದ. ಹುಡುಗ ಆಟದಲ್ಲಿ ಮರೆತ, ಬೆಂಕಿ ಆರಿತು. ಅವನು ಅರಣಿ ಕಟ್ಟಿಗೆಯನ್ನು ಕೊಡಲಿಯಿಂದ ಸೀಳಿದ, ಚೂರು ಮಾಡಿದ, ಒರಳಿಗೆ ಹಾಕಿ ಕುಟ್ಟಿದ, ಕೊನೆಗೆ ಗಾಳಿಗೆ ತೂರಿದ. ಬೆಂಕಿ ಸಿಗಲಿಲ್ಲ. ತಪಸ್ವಿ ಬಂದು ಬೇರೆ ಅರಣಿ ತೆಗೆದು ಮಥಿಸಿದ, ಬೆಂಕಿ ಹೊತ್ತಿತು.

ಇದೇ ಕಥೆ ಜೈನರಲ್ಲೂ ಇದೆ. ಶ್ವೇತಾಂಬರ ಪಂಥದವರ ರಾಯಪಸೇಣಿಯ ಎಂಬ ಆಗಮದಲ್ಲಿ, ಅಂದರೆ ಧರ್ಮಗ್ರಂಥದಲ್ಲಿ, ರಾಜನ ಹೆಸರು ಪಏಸಿ, ಉತ್ತರ ಕೊಡುವವನು ತೀರ್ಥಂಕರ ಪಾರ್ಶ್ವನಾಥರ ಪರಂಪರೆಯ ಕೇಶಿ. ಅಲ್ಲಿ ಸತ್ತ ಮೈಗೂ ಬದುಕಿದ್ದ ಮೈಗೂ ತೂಕದಲ್ಲಿ ವ್ಯತ್ಯಾಸವೇ ಇಲ್ಲ. ಕೇಶಿ ಗಾಳಿ ತುಂಬಿದ ಚರ್ಮದ ಚೀಲವನ್ನು ತೋರಿಸುತ್ತಾನೆ. ತುಂಬಿದರೂ ಖಾಲಿಯಾದರೂ ತಕ್ಕಡಿಗೆ ಒಂದೇ, ಹಾಗಂತ ಗಾಳಿ ಇಲ್ಲ ಎನ್ನುತ್ತೀಯಾ? ಆನೆಯಲ್ಲಿರುವ ಜೀವವೇ ಒಂದು ಸಣ್ಣ ಹುಳದಲ್ಲಿ ಹೇಗೆ ಹಿಡಿಯುತ್ತದೆ ಎಂದರೆ ದೀಪವನ್ನು ನೋಡು ಎನ್ನುತ್ತಾನೆ. ಕೋಣೆಯಲ್ಲಿಟ್ಟರೆ ಬೆಳಕು ಕೋಣೆಯಷ್ಟು, ಬಟ್ಟಲು ಮುಚ್ಚಿದರೆ ಬಟ್ಟಲಿನಷ್ಟು. ನಮ್ಮ ಕರ್ನಾಟಕದ ದಿಗಂಬರ ಜೈನರು ಆ ಆಗಮವನ್ನು ಒಪ್ಪುವುದಿಲ್ಲ. ಆದರೆ ಎರಡೂ ಪಂಥದವರು ಒಪ್ಪುವ ತತ್ತ್ವಾರ್ಥಸೂತ್ರದಲ್ಲಿ ಇದೇ ದೀಪದ ಹೋಲಿಕೆ ಇದೆ. ಜೀವ ತಾನಿರುವ ಮೈಯಷ್ಟೇ ಅಗಲ ಎನ್ನುವುದು ಜೈನರ ನಿಲುವು.

ಒಂದೇ ಕಥೆ, ಆದರೆ ಮನೆ ಬೇರೆ ಬೇರೆ ನೋಡಿ. ಜೈನರಿಗೆ ಜೀವ ಎನ್ನುವುದು ನಿಜವಾಗಿ ಇರುವ ದ್ರವ್ಯ. ಬೌದ್ಧರು ಶಾಶ್ವತ ಆತ್ಮವನ್ನು ಒಪ್ಪುವವರೇ ಅಲ್ಲ. ಜೀವವೂ ಶರೀರವೂ ಒಂದೇನಾ, ಬೇರೆಯಾ ಎಂದು ಕೇಳಿದಾಗ ಬುದ್ಧ ಉತ್ತರಿಸದೆ ಬಿಟ್ಟ. ಹಾಗಿದ್ದೂ ಕಸ್ಸಪ ಪಾಯಾಸಿಯನ್ನು ಎದುರಿಸುತ್ತಾನೆ. ಅವನಿಗೆ ಮುಖ್ಯವಾದದ್ದು ಮಾಡಿದ್ದಕ್ಕೆ ಫಲ ಇದೆ ಎನ್ನುವುದು. ಅದಕ್ಕೆ ಆತ್ಮವೆಂಬ ಗಟ್ಟಿ ವಸ್ತು ಬೇಕಿಲ್ಲ ಎನ್ನುವುದು ಬೌದ್ಧರ ಮಾತು.

ಇದೆಲ್ಲ ಹಳೆಯ ಕಾಲದ್ದು ಅಂದುಕೊಳ್ಳಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೇವರ್‌ಹಿಲ್‌ನಲ್ಲಿ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯರಿದ್ದರು. ಅವರು ತಕ್ಕಡಿಯ ಮೇಲೆ ಮಂಚ ಇರಿಸಿ, ಸಾವಿನ ಅಂಚಿನಲ್ಲಿದ್ದ ಆರು ರೋಗಿಗಳನ್ನು ಅದರ ಮೇಲೆ ಮಲಗಿಸಿದರು. ಹೆಚ್ಚಿನವರು ಕ್ಷಯ ರೋಗಿಗಳು. ಸುಸ್ತಾದವರು ಜಾಸ್ತಿ ಅಲುಗಾಡುವುದಿಲ್ಲ, ತಕ್ಕಡಿಗೆ ಅನುಕೂಲ ಎಂಬ ಲೆಕ್ಕ. ಫಲಿತಾಂಶ ಪ್ರಕಟವಾದದ್ದು 1907ರಲ್ಲಿ. ಮೊದಲನೆಯ ರೋಗಿ ಸತ್ತಾಗ ಮುಕ್ಕಾಲು ಔನ್ಸ್ ಕಡಿಮೆಯಾಯಿತು ಎಂದರು. ಅದೇ ಇವತ್ತೂ ಓಡಾಡುತ್ತಿರುವ 21 ಗ್ರಾಂ. ಉಳಿದವರದು ಅದಕ್ಕೆ ಹೊಂದಲಿಲ್ಲ, ಎರಡನ್ನು ಅವರೇ ಲೆಕ್ಕದಿಂದ ತೆಗೆದರು. 15 ನಾಯಿಗಳನ್ನೂ ತೂಗಿದರು. ತೂಕ ಇಳಿಯಲಿಲ್ಲ. ಸತ್ತಾಗ ಉಸಿರು ನಿಂತು ರಕ್ತ ತಂಪಾಗುವುದಿಲ್ಲ, ಅದರಿಂದ ಮೈ ಕಾದು ಬೆವರು ಹೋಗಿ ತೂಕ ಇಳಿದಿರಬಹುದು ಎಂದು ಆಗಸ್ಟಸ್ ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯರು ಆಗಲೇ ಆಕ್ಷೇಪಿಸಿದ್ದರು. ಒಬ್ಬ ರೋಗಿಯ ಅಂಕಿಯ ಮೇಲೆ ಇಷ್ಟು ದೊಡ್ಡ ನಂಬಿಕೆ ನಿಂತಿದೆ. ವಾಟ್ಸಾಪ್‌ನಲ್ಲಿ ಇದನ್ನು ವಿಜ್ಞಾನ ಎಂದು ಕಳಿಸುವವರಿಗೆ ದಯವಿಟ್ಟು ಇಷ್ಟನ್ನಾದರೂ ಹೇಳಿ.

ಪಾಯಾಸಿ ತೂಗಿದ್ದು ಆತ್ಮ ಇಲ್ಲ ಎಂದು ತೋರಿಸಲು. ಮ್ಯಾಕ್‌ಡೂಗಲ್ ತೂಗಿದ್ದು ಇದೆ ಎಂದು ತೋರಿಸಲು. ಆದರೆ ಇಬ್ಬರ ಒಳಗಿನ ಊಹೆ ಒಂದೇ ಅಲ್ವಾ? ಜೀವ ಎನ್ನುವುದು ಮೈಯೊಳಗೆ ಇಟ್ಟಿರುವ ಒಂದು ವಸ್ತು, ಸಾವಿನ ಹೊತ್ತಿಗೆ ಎದ್ದು ಹೋಗುತ್ತದೆ ಎಂಬ ಊಹೆ. ನನ್ನ ತಕರಾರು ಇದರ ಮೇಲೆ. ಮೈ ಮನಸ್ಸುಗಳನ್ನು ತಿಳಿಯಬೇಕಾದರೆ ನಾವು ಸಾವಿನ ಬಾಗಿಲಲ್ಲಿ ಕಾವಲು ಕೂರಬೇಕಿಲ್ಲ. ಬದುಕಿರುವವನು ಹೇಗೆ ಕಾಣುತ್ತಾನೆ, ನೆನೆಯುತ್ತಾನೆ, ಕನಸು ಕಾಣುತ್ತಾನೆ ಎನ್ನುವುದನ್ನು ನೋಡಬೇಕು.

ಕಸ್ಸಪನೇ ಹೇಳುವ ಶಂಖದ ಕಥೆ ಇಲ್ಲಿ ನೆರವಿಗೆ ಬರುತ್ತದೆ. ಗಡಿಯ ಹಳ್ಳಿಯೊಂದರಲ್ಲಿ ಒಬ್ಬ ಶಂಖ ಊದಿದ. ಶಂಖವನ್ನೇ ಕಾಣದ ಜನ ಅದನ್ನು ಅಂಗಾತ ಇಟ್ಟರು, ಮಗ್ಗುಲಾಗಿಸಿದರು, ಕೋಲಿನಿಂದ ಹೊಡೆದು 'ಮಾತಾಡು' ಅಂದರು. ಶಂಖ, ಊದುವವನು, ಅವನ ಶ್ರಮ, ಗಾಳಿ ಇವೆಲ್ಲ ಕೂಡಿದಾಗ ಮಾತ್ರ ನಾದ. ಕಸ್ಸಪ ಇದನ್ನು ಪರಲೋಕದ ಪರವಾಗಿ ಹೇಳಿದ. ಆದರೆ ಮಿದುಳಿನ ಕೆಲಸವೇ ಮನಸ್ಸು ಎನ್ನುವವರೂ ಇದನ್ನು ಸಂತೋಷದಿಂದ ತಮ್ಮದಾಗಿಸಿಕೊಳ್ಳಬಹುದು. ನಾದ ಹಲವು ಸೇರಿ ಆಗುವುದಾದರೆ, ಅವು ಬಿಡಿಯಾದ ಮೇಲೆ ನಾದ ಎಲ್ಲಿಗೆ ಹೋಯಿತು ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ. ಆದರೆ ಊದುವವನು ಶಂಖದಿಂದ ಬೇರೆ ತಾನೇ? ಅವನು ಇನ್ನೊಂದು ಶಂಖ ಎತ್ತಿಕೊಳ್ಳಬಹುದಲ್ಲ? ಆತ್ಮವಾದಿ ಇಲ್ಲಿ ಕಾಲೂರುತ್ತಾನೆ. ಮೈಯ ವಿಷಯದಲ್ಲಿ ಹಾಗೆ ಬೇರೆಯಾಗಿ ನಿಂತ ಊದುವವನು ಒಬ್ಬ ಇದ್ದಾನಾ ಎನ್ನುವುದೇ ಎಲ್ಲ ದರ್ಶನಗಳ ನಡುವಿನ ಜಗಳ. ಅದನ್ನು ಯಾವ ತಕ್ಕಡಿಯೂ ಬಿಡಿಸುವುದಿಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಗೆ ಪಾಯಾಸಿ ಏನೆಂದ ಗೊತ್ತಾ? ನಡುವೆ ಒಮ್ಮೆ, 'ಈ ನಿಲುವು ಬಿಡಲಾರೆ, ಪಸೇನದಿಯೂ ಹೊರಗಿನ ರಾಜರೂ ನನ್ನನ್ನು ಇದರಿಂದಲೇ ಬಲ್ಲರು, ಬಿಟ್ಟರೆ ದಡ್ಡ ಎನ್ನುತ್ತಾರೆ' ಎಂದು ಬಾಯಿಬಿಟ್ಟು ಹೇಳಿದ. ಆಮೇಲೆ ಸೋತು ಒಪ್ಪಿಕೊಂಡಾಗ, 'ನಿನ್ನ ಮೊದಲನೆಯ ಹೋಲಿಕೆಗೇ ನಾನು ಒಪ್ಪಿದ್ದೆ, ನಿನ್ನ ಉತ್ತರಗಳನ್ನು ಇನ್ನಷ್ಟು ಕೇಳುವ ಆಸೆಗೆ ವಾದ ಬೆಳೆಸಿದೆ' ಅಂದ. ಈ ಎರಡರಲ್ಲಿ ಯಾವುದು ನಿಜ ಎಂದು ಸುತ್ತ ಹೇಳುವುದಿಲ್ಲ. ಎರಡೂ ನಿಜ ಎಂದೇ ನನಗೆ ಅನಿಸುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.