ಟೇಬಲ್ ಕ್ಲಿಯರ್ ಹೊಡಿಯೂಕಿಂತ ಮೊದಲು ಓದ್ರಿ!

ನಮಸ್ಕಾರ್ರಿ. ಹೋದ ವಿಡಿಯೋಕ್ಕ ಒಂದು ಕಮೆಂಟ್ ಬಂದೈತಿ: "ಅಣ್ಣಾ, ನೆಟ್‌ವರ್ಕ್ ಸ್ಲೋ ಆದ್ರ ಸ್ವಿಚ್‌ನ್ಯಾಗ ಕ್ಲಿಯರ್ ಮ್ಯಾಕ್ ಅಡ್ರೆಸ್-ಟೇಬಲ್ ಡೈನಾಮಿಕ್ ಹೊಡೀರಿ, ಮುಗೀತು." ಮುಗಿಯೂದಿಲ್ರೀ! ಕೈಯಾಗಿದ್ದ ಸುಳಿವು ನೀವ ಅಳಿಸಿದಂಗ ಆತು.

ಯಾವ ಮ್ಯಾಕ್ (ಮಷೀನಿನ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಯಾವ ವಿಲ್ಯಾನ್‌ನ್ಯಾಗ (ಸ್ವಿಚ್‌ನ್ಯಾಗ ಬ್ಯಾರೆ ಮಾಡಿದ ನೆಟ್‌ವರ್ಕ್ ಭಾಗ), ಯಾವ ಪೋರ್ಟ್ ಹಿಂದ ಐತಿ ಅನ್ನೂ ಲೆಕ್ಕಾನ ಆ ಟೇಬಲ್. ಒಳಗ ಬಂದ ಫ್ರೇಮಿನ (ಡೇಟಾ ತುಣುಕಿನ) ಸೋರ್ಸ್ ಅಡ್ರೆಸ್, ಅಂದ್ರ ಕಳಿಸಿದ ಮಷೀನಿನ ಮ್ಯಾಕ್, ನೋಡಿ ಸ್ವಿಚ್ ತಾನ ಬರಕೊಂತೈತಿ. ಮಷೀನ್ ಸುಮ್ಮನಿದ್ರ ಸಿಸ್ಕೋ ಸ್ವಿಚ್‌ನ್ಯಾಗ ಡಿಫಾಲ್ಟ್ 300 ಸೆಕೆಂಡಿಗೆ ತಾನ ತಗೀತೈತಿ. ಲಿಂಕ್ ಡೌನ್ ಆದ್ರ ಆಗಿಂದಾಗ ತಗೀತೈತಿ. ನೀವು ಕೈ ಹಾಕೂದು ಯಾಕ?

ಗಂಗಾವತಿ ಕಡೆ ಒಂದು ರೈಸ್‌ಮಿಲ್ ತಗೋರಿ. ವೇಬ್ರಿಜ್ ಪಿಸಿ 3ನೇ ಪೋರ್ಟ್‌ನ್ಯಾಗ, ಗೋಡೌನ್ ಲೈನ್ 14ರಾಗ. ಗೋಡೌನ್‌ನ್ಯಾಗ ಯಾರೋ 5 ಪೋರ್ಟಿನ ಸಾದಾ ಸ್ವಿಚ್ ಇಟ್ಟು, ಒಂದ ಕೇಬಲ್ಲಿನ ಎರಡೂ ತುದಿ ಅದಕ್ಕ ಚುಚ್ಯಾರ. ಲೂಪ್! ಲೂಪ್ ಹಿಡಿಯೂ ವ್ಯವಸ್ಥೆ ಸ್ಪ್ಯಾನಿಂಗ್ ಟ್ರೀ, ಅದರ ಸಂದೇಶ ಬಿಪಿಡಿಯು. ಆ ಸಣ್ಣ ಸ್ವಿಚ್ ಬಿಪಿಡಿಯು ನುಂಗಿದ್ರ ಸ್ಪ್ಯಾನಿಂಗ್ ಟ್ರೀಗೂ ಸುದ್ದಿ ಮುಟ್ಟೂದಿಲ್ಲ. ವೇಬ್ರಿಜ್ ಪಿಸಿ ಬಿಟ್ಟ ಬ್ರಾಡ್‌ಕಾಸ್ಟ್ (ಎಲ್ಲಾರಿಗೂ ಹೋಗೂ ಫ್ರೇಮ್) 14ರಿಂದ ವಾಪಸ್ ಬರ್ತೈತಿ, ಅದರ ಮ್ಯಾಕ್ ಒಮ್ಮೆ 3ರಾಗ, ಒಮ್ಮೆ 14ರಾಗ ಜಿಗೀತೈತಿ. ಈಗ ಕ್ಲಿಯರ್ ಹೊಡದ್ರ? ಕಣ್ಣು ಮುಚ್ಚಿ ತಗಿಯೂದ್ರಾಗ ಅದ ತಪ್ಪು ಲೆಕ್ಕ ಮತ್ತ ತುಂಬ್ತೈತಿ.

ಓದ್ರಿ! ಶೋ ಮ್ಯಾಕ್ ಅಡ್ರೆಸ್-ಟೇಬಲ್ ಅಡ್ರೆಸ್ ಅಂತ ಹೊಡದು ಆ ಮ್ಯಾಕ್ ಹಾಕ್ರಿ, ಮೂರ್ನಾಲ್ಕು ಸಲ. ಪೋರ್ಟ್ ಬದಲಾಗ್ತಿದ್ರ ಲಾಗ್‌ನ್ಯಾಗ ಮ್ಯಾಕ್‌ಫ್ಲ್ಯಾಪ್ (ಮ್ಯಾಕ್ ಪೋರ್ಟ್ ಜಿಗೀತೈತಿ ಅನ್ನೂ ಸಂದೇಶ) ಹುಡಕ್ರಿ. 14ನೇ ಪೋರ್ಟ್ ಶಟ್ (ಬಂದ್) ಮಾಡ್ರಿ. ಜಿಗಿಯೂದು ನಿಂತ್ರ ಗೋಡೌನ್‌ಗೆ ನಡೀರಿ. ಒಂದ ಕ್ಯಾಮೆರಾ ಇರಬೇಕಾದ ಪೋರ್ಟ್‌ನ್ಯಾಗ ಆರು ಮ್ಯಾಕ್ ಕಂಡ್ರ, ಹಿಂದ ಯಾರೋ ಸ್ವಿಚ್ ಬಚ್ಚಿಟ್ಟಾರ.

"ಕ್ಲಿಯರ್ ಮಾಡಿದ ಮ್ಯಾಲೆ ಸರಿ ಹೋತಲ್ಲ" ಅಂತೀರಿ. ಪಿಸಿ ಬ್ಯಾರೆ ಪೋರ್ಟಿಗೆ ಹೋಗಿ ಒಂದು ಫ್ರೇಮ್ ಕಳಿಸಿದ್ರ ಸಾಕು, ಸ್ವಿಚ್ ತಾನ ತಿದ್ದಕೊಂತೈತಿ. ಕೆಲಸ ಮಾಡಿದ್ದು ಪಿಸಿ, ಹೆಸರು ನಿಮ್ಮ ಕಮಾಂಡಿಗೆ!

"ಟೇಬಲ್ ತುಂಬಿರ್ತೈತಿ" ಅಂತ ಇನ್ನೊಬ್ರು. ಸಿಸ್ಕೋ 2960 ಸ್ವಿಚ್‌ನ್ಯಾಗ 8 ಸಾವಿರದ ಆಸುಪಾಸು ಮ್ಯಾಕ್ ಹಿಡಿತೈತಿ. ಮಿಲ್‌ನ್ಯಾಗ 60 ಮಷೀನ್ ಇಟಗೊಂಡು ಅದು ಹ್ಯಾಂಗ ತುಂಬ್ತೈತ್ರಿ? ತುಂಬಿದ್ರ ಯಾರೋ ಸುಳ್ಳು ಮ್ಯಾಕ್ ಸುರೀಲಿಕ್ಕತ್ಯಾರ, ಮೊದಲು ಆ ಪೋರ್ಟ್ ಹುಡಕ್ರಿ.

ಸ್ಟಿಕಿ ಪೋರ್ಟ್ ಸೆಕ್ಯುರಿಟಿ (ಕಲತ ಮ್ಯಾಕ್ ಬಿಟ್ಟು ಬ್ಯಾರೆ ಮಷೀನ್ ಒಳಗ ಬಿಡದ ಸೆಟ್ಟಿಂಗ್) ಹಾಕಿದ ಪೋರ್ಟ್‌ನ್ಯಾಗ ಕ್ಯಾಮೆರಾ ಬದಲಿಸಿದ್ರ ಡಿಫಾಲ್ಟ್ ಆಗಿ ಪೋರ್ಟ್ ಎರರ್-ಡಿಸೇಬಲ್ ಆಗ್ತೈತಿ, ಅಂದ್ರ ಸ್ವಿಚ್ ತಾನ ಬಂದ್ ಮಾಡ್ತೈತಿ. ಅಲ್ಲಿ ಡೈನಾಮಿಕ್ ಕ್ಲಿಯರ್ ಏನೂ ಮಾಡೂದಿಲ್ಲ, ಸ್ಟಿಕಿ ಮ್ಯಾಕ್ ಟೇಬಲ್‌ನ್ಯಾಗ ಸ್ಟ್ಯಾಟಿಕ್ ಅಂತ ಕುಂತಿರ್ತೈತಿ. ಕ್ಲಿಯರ್ ಪೋರ್ಟ್-ಸೆಕ್ಯುರಿಟಿ ಸ್ಟಿಕಿ ಇಂಟರ್‌ಫೇಸ್ ಅಂತ ಹೊಡದು ಆ ಪೋರ್ಟ್ ಹೆಸರು ಹಾಕ್ರಿ, ಆಮ್ಯಾಲೆ ಪೋರ್ಟ್ ಶಟ್, ನೋ ಶಟ್ (ಬಂದ್ ಮಾಡಿ ಮತ್ತ ಚಾಲೂ). ಹೊಸಾ ಮ್ಯಾಕ್ ಬಂದ ಮ್ಯಾಲೆ ರೈಟ್ ಮೆಮೊರಿ ಹೊಡದು ಸೇವ್ ಮಾಡ್ರಿ. ಇಲ್ಲಂದ್ರ ಕರೆಂಟ್ ಹೋಗಿ ಬಂದ ಮ್ಯಾಲೆ ಮೊದಲ ಸೇವ್ ಆಗಿದ್ದ ಹಳೇ ಮ್ಯಾಕ್ ವಾಪಸ್ ಕುಂತು ಪೋರ್ಟ್ ಮತ್ತ ಬಿದ್ದಿರ್ತೈತಿ.

ಮ್ಯಾಕ್ ಟೇಬಲ್ ಕ್ಲಿಯರ್ ಹೊಡೀಬ್ಯಾಡ್ರಿ. ಹೊಡೀಬ್ಯಾಡ್ರಿ ಅಂದ್ರ ಹೊಡೀಬ್ಯಾಡ್ರಿ! ಈ ವಿಡಿಯೋ ಮಿಲ್‌ನ್ಯಾಗ ಕೇಬಲ್ ಎಳಿಯೂ ಹುಡುಗರಿಗೆ ಕಳಸ್ರಿ, ಸಬ್‌ಸ್ಕ್ರೈಬ್ ಮಾಡ್ರಿ. ಮುಂದಿನ ವಾರ ಬಿಪಿಡಿಯು ಗಾರ್ಡ್. ಕಮೆಂಟ್ ಹಾಕಿದ ತಮ್ಮಾ, ನಿನ್ನ ಸ್ವಿಚ್ಚಿನ ಟೇಬಲ್ ಕ್ಲಿಯರ್ ಮಾಡದಂಗ ಇಲ್ಲಿ ಪೇಸ್ಟ್ ಮಾಡು, ಕೂಡಿ ಓದೂಣು.